ಕೇಳಿ, ಬರೆಯುತ್ತೇನೆ: ಗಾಜು, ಅಂಟು ಮತ್ತು ಮ್ಯೂಯಾನ್

ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳನ್ನು ಪತ್ತೆಹಚ್ಚುವ ಉಪಕರಣಗಳನ್ನು, ಅಂದರೆ ಕಣ ಡಿಟೆಕ್ಟರ್‌ಗಳನ್ನು ಕಟ್ಟಿ ಪರೀಕ್ಷಿಸುವ ಕೆಲಸದಲ್ಲೇ ನನ್ನ ನೌಕರಿಯ ವರ್ಷಗಳೆಲ್ಲ ಮುಂಬಯಿಯಲ್ಲಿ ಕಳೆದವು ಎಂದು ಹಿಂದಿನ ಸಂಚಿಕೆಯಲ್ಲಿ ಒಂದು ಸಾಲು ಬರೆದಿದ್ದೆ. ಆ ಸಾಲಿಗೇ ಬಹಳಷ್ಟು ಪತ್ರಗಳು ಬಂದಿವೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಬೇರೆ ವಿಷಯ ಕೇಳಿದವರು ಒಂದು ತಿಂಗಳು ಕಾಯಬೇಕು.

ನನ್ನ ಮಗ ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪ್ರಾಜೆಕ್ಟ್‌ಗೆಂದು ಕೊಲಾಬಾಕ್ಕೆ ಹೋಗುತ್ತಿದ್ದಾನೆ. ಸಂಜೆ ಬಂದರೆ ಬೆರಳಿಗೆಲ್ಲ ಅಂಟು. ಏನು ಮಾಡಿದೆ ಎಂದು ಕೇಳಿದರೆ ಗಾಜು ಒರೆಸಿದೆ, ಬಟನ್ ಅಂಟಿಸಿದೆ ಎನ್ನುತ್ತಾನೆ. ಅಷ್ಟು ಓದಿದ್ದು ಇದಕ್ಕೇನಾ?
— ಗೃಹಿಣಿ, ಡೊಂಬಿವಲಿ

ಇದಕ್ಕೇ ತಾಯಿ, ಖಂಡಿತವಾಗಿ ಇದಕ್ಕೇ. ನೀವು ಹೇಳಿದ್ದನ್ನು ನೋಡಿದರೆ ನಿಮ್ಮ ಮಗ ಕಟ್ಟುತ್ತಿರುವುದು ರೆಸಿಸ್ಟಿವ್ ಪ್ಲೇಟ್ ಚೇಂಬರ್. ನಾವೆಲ್ಲ ಅದನ್ನು ಆರ್‌ಪಿಸಿ ಎನ್ನುತ್ತೇವೆ. ಮೂರು ಮಿಲಿಮೀಟರ್ ದಪ್ಪದ ಎರಡು ಗಾಜುಗಳು, ಅವುಗಳ ನಡುವೆ ಎರಡು ಮಿಲಿಮೀಟರ್ ಸಂದು, ಸಂದಿನಲ್ಲಿ ನಿಧಾನವಾಗಿ ಹರಿಯುವ ಅನಿಲ. ಗಾಜುಗಳ ಹೊರಮೈಗೆ ಗ್ರಾಫೈಟ್ ಬಣ್ಣ ಬಳಿದು ಅದರ ಮೂಲಕ ಸುಮಾರು ಹತ್ತು ಸಾವಿರ ವೋಲ್ಟ್ ಕೊಡುತ್ತಾರೆ. ವಿದ್ಯುದಾವೇಶವಿರುವ ಕಣವೊಂದು ಇದನ್ನು ತೂರಿ ಹೋಗುವಾಗ ಅನಿಲದಿಂದ ಒಂದಿಷ್ಟು ಎಲೆಕ್ಟ್ರಾನ್‌ಗಳು ಕಳಚಿಕೊಳ್ಳುತ್ತವೆ. ವೋಲ್ಟೇಜಿನ ಸೆಳೆತಕ್ಕೆ ಸಿಕ್ಕ ಆ ಎಲೆಕ್ಟ್ರಾನ್‌ಗಳು ಓಡುತ್ತ ಇನ್ನಷ್ಟನ್ನು ಕಳಚಿ, ಎರಡು ಮಿಲಿಮೀಟರ್ ದಾಟುವಷ್ಟರಲ್ಲಿ ಲಕ್ಷಗಟ್ಟಲೆಯಾಗುತ್ತವೆ. ಆಗ ಹೊರಗಿಟ್ಟ ತಾಮ್ರದ ಪಟ್ಟಿಗಳಲ್ಲಿ ಕೆಲವೇ ಮಿಲಿವೋಲ್ಟಿನ ಒಂದು ಮಿಡಿತ ಕಾಣಿಸುತ್ತದೆ. ಗಾಜು ವಿದ್ಯುತ್ತನ್ನು ಸುಲಭಕ್ಕೆ ಹಾಯಗೊಡುವುದಿಲ್ಲ. ಹೀಗಾಗಿ ಈ ಗದ್ದಲ ಎದ್ದ ಜಾಗದಲ್ಲೇ ಅಡಗಿ, ಉಳಿದ ಗಾಜು ಮುಂದಿನ ಕಣಕ್ಕೆ ಸಿದ್ಧವಾಗಿಯೇ ಇರುತ್ತದೆ.

ಈಗ ಬಟನ್ ವಿಷಯ. ಸಂದು ಎಲ್ಲ ಕಡೆಯೂ ಎರಡೇ ಮಿಲಿಮೀಟರ್ ಇರಬೇಕು. ಒಂದು ಕಡೆ ಸ್ವಲ್ಪ ಅಗಲವಾದರೂ ಅಲ್ಲಿ ವಿದ್ಯುತ್ ಕ್ಷೇತ್ರ ಕುಗ್ಗುತ್ತದೆ, ಎಲೆಕ್ಟ್ರಾನ್‌ಗಳ ಸಂಖ್ಯೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಕುಸಿಯುತ್ತದೆ, ಕಣ ಹೋದದ್ದು ಗೊತ್ತೇ ಆಗುವುದಿಲ್ಲ. ಅದಕ್ಕಾಗಿಯೇ ಸರಿಯಾಗಿ ಎರಡು ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಬಟನ್‌ಗಳನ್ನು ಇಪ್ಪತ್ತು ಸೆಂಟಿಮೀಟರಿಗೊಂದರಂತೆ ಎರಡೂ ಗಾಜುಗಳಿಗೆ ಅಂಟಿಸುವುದು. ಅವು ಗಾಜುಗಳನ್ನು ದೂರ ಇಡುತ್ತವೆ, ಹಿಡಿದೂ ಇಡುತ್ತವೆ. ಎರಡನೆಯದು ಸಣ್ಣ ಕೆಲಸವಲ್ಲ. ಒಳಗಿನ ಅನಿಲದ ಒತ್ತಡ ಹೊರಗಿನ ಗಾಳಿಗಿಂತ ಒಂದು ಸೆಂಟಿಮೀಟರ್ ನೀರಿನಷ್ಟು ಹೆಚ್ಚಾದರೆ, ಎರಡು ಮೀಟರ್ ಉದ್ದ ಎರಡು ಮೀಟರ್ ಅಗಲದ ಗಾಜನ್ನು ನಲವತ್ತು ಕಿಲೋ ಭಾರ ಒಳಗಿನಿಂದ ನೂಕಿದಂತೆ. ಅಂಟು ಸರಿಯಾಗಿ ಹಿಡಿಯದ ಬಟನ್ ಅಷ್ಟಕ್ಕೇ ಬಿಟ್ಟುಕೊಂಡು, ಗಾಜು ಅಲ್ಲಿ ಉಬ್ಬುತ್ತದೆ.

ಗಾಜು ಒರೆಸುವುದೂ ಹಾಗೆಯೇ. ಒಳಮೈಯಲ್ಲಿ ಒಂದು ಬೆರಳಚ್ಚು, ಬಟ್ಟೆಯ ಒಂದು ಎಳೆ, ಅಂಟಿನ ಒಂದು ಒಣ ಹನಿ ಉಳಿದರೂ ಸಾಕು, ಹೈವೋಲ್ಟೇಜ್ ಕೊಟ್ಟ ಮೇಲೆ ಆ ಬಿಂದುವಿನಲ್ಲಿ ಕಣ ಬಾರದಿದ್ದರೂ ಮಿಡಿತ ಹುಟ್ಟುತ್ತಲೇ ಇರುತ್ತದೆ. ಪೆಟ್ಟಿಗೆ ಒಮ್ಮೆ ಮುಚ್ಚಿದರೆ ಒಳಗೆ ಕೈ ಹಾಕುವಂತಿಲ್ಲ. ಆದ್ದರಿಂದಲೇ ಮೊದಲು ಆಲ್ಕೊಹಾಲ್, ಆಮೇಲೆ ಶುದ್ಧ ನೀರು, ಆಮೇಲೆ ಓರೆ ಬೆಳಕಿನಲ್ಲಿ ಗಾಜನ್ನು ಬಗ್ಗಿ ನೋಡುವುದು. ನೇರ ಬೆಳಕಿನಲ್ಲಿ ಕಾಣದ ಜಿಡ್ಡು ಓರೆ ಬೆಳಕಿನಲ್ಲಿ ಮಸುಕು ಮಸುಕಾಗಿ ಎದ್ದು ಕಾಣುತ್ತದೆ. ತಮಿಳುನಾಡಿನ ಥೇಣಿ ಜಿಲ್ಲೆಯ ಬೆಟ್ಟದಡಿ ಯೋಜಿಸಿದ, ಬಂಡೆಯನ್ನೂ ಹಾಯ್ದು ಬರುವ ನ್ಯೂಟ್ರಿನೊ ಎಂಬ ಕಣಗಳ ವೀಕ್ಷಣಾಲಯದ ಲೆಕ್ಕದಲ್ಲಿ ಇಂಥ ಚೇಂಬರುಗಳು ಇಪ್ಪತ್ತೆಂಟು ಸಾವಿರಕ್ಕೂ ಹೆಚ್ಚು ಬೇಕು, ಐವತ್ತು ಸಾವಿರ ಟನ್ ಕಬ್ಬಿಣದ ಪದರಗಳ ನಡುವೆ. ಅದರ ಪುಟ್ಟ ಮಾದರಿ, 85 ಟನ್ನಿನದು, ಮಧುರೈಯಲ್ಲಿ ಇದೆ. ಸಮೀಕರಣ ಬರೆಯಬಲ್ಲವನೇ ಗಾಜನ್ನೂ ಒರೆಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಕಂಪ್ಯೂಟರಿನ ಪರದೆಯ ಮೇಲೆ ವಿಚಿತ್ರವಾದದ್ದೇನಾದರೂ ಕಂಡಾಗ ಅದು ಹೊಸ ಭೌತವಿಜ್ಞಾನವೋ, ಕಿತ್ತುಬಂದ ಬಟನ್ನೋ ಎಂದು ಗುರುತಿಸುವುದು ಅವನಿಗೇ ಸಾಧ್ಯ.

ಬೆರಳಿಗೆ ಹತ್ತಿದ ಎಪಾಕ್ಸಿ ಅಂಟನ್ನು ಒಣಗುವ ಮೊದಲೇ ಸೋಪು ನೀರಿನಲ್ಲಿ ತೊಳೆಯಲು ಹೇಳಿ. ಕೈಗವಸು ಹಾಕಿಕೊಳ್ಳದೆ ಕೆಲಸ ಮಾಡುತ್ತಿದ್ದರೆ ಗದರಿಸಿ. ಚರ್ಮಕ್ಕೂ ಅದು ಒಳ್ಳೆಯದಲ್ಲ, ಗಾಜಿಗೂ ಬರಿಗೈ ಒಳ್ಳೆಯದಲ್ಲ.

ನಾನು ಪಿಂಪ್ರಿಯ ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದವನು. ಮುಂಬಯಿಯ ಮಳೆಗಾಲದಲ್ಲಿ, ಅದೂ ಸಮುದ್ರದ ಪಕ್ಕದಲ್ಲಿ, ಇಷ್ಟು ಸೂಕ್ಷ್ಮದ ವಸ್ತುವನ್ನು ಹೇಗೆ ಪರೀಕ್ಷೆ ಮಾಡುತ್ತೀರಿ?
— ನಿವೃತ್ತ ಉದ್ಯೋಗಿ, ಪುಣೆ

ಕಸುಬು ಗೊತ್ತಿದ್ದವರ ಪ್ರಶ್ನೆ ಇದು. ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಜೂನ್ ಬಂತೆಂದರೆ ಕೊಲಾಬಾದ ನೇವಿನಗರದ ಕಡೆಯ ಗಾಳಿಯಲ್ಲಿ ತೇವವೂ ಇರುತ್ತದೆ, ಉಪ್ಪೂ ಇರುತ್ತದೆ. ಹೈವೋಲ್ಟೇಜಿಗೆ ಇವೆರಡೂ ಶತ್ರು. ಗಾಜಿನ ಅಂಚಿನಲ್ಲಿ, ಕನೆಕ್ಟರಿನ ಮೈಮೇಲೆ ತೇವದ ತೆಳು ಪದರ ಕೂತರೆ ವಿದ್ಯುತ್ತು ಅನಿಲದ ಮೂಲಕ ಹೋಗದೆ ಮೇಲ್ಮೈ ಮೇಲೇ ತೆವಳಿಕೊಂಡು ಹೋಗುತ್ತದೆ. ಸರಿಯಾಗಿರುವ ಚೇಂಬರ್ ಎಳೆಯುವ ಕರೆಂಟ್ ಆಂಪಿಯರಿನ ಕೋಟಿಯಲ್ಲೊಂದು ಪಾಲಿನ ಲೆಕ್ಕದ್ದು. ಮಳೆ ಹಿಡಿದ ದಿನ ಅದು ಹಲವು ಪಟ್ಟು ಏರಿದರೆ ಚೇಂಬರ್ ಕೆಟ್ಟಿತೋ, ಹವೆ ಕೆಟ್ಟಿತೋ ಎಂದು ಮೊದಲು ತೀರ್ಮಾನಿಸಬೇಕು. ಅದಕ್ಕೆ ಕೋಣೆಯಲ್ಲಿ ಗಾಳಿಯ ತೇವ ತೆಗೆಯುವ ಡಿಹ್ಯುಮಿಡಿಫೈಯರ್ ಹಗಲೂ ರಾತ್ರಿ ಓಡುತ್ತದೆ, ಕರೆಂಟ್ ಬರೆಯುವ ಪುಸ್ತಕದಲ್ಲಿ ಪಕ್ಕದಲ್ಲೇ ತಾಪಮಾನ ಮತ್ತು ತೇವಾಂಶದ ಕಾಲಂ ಇರುತ್ತದೆ. ಆ ಎರಡು ಕಾಲಂ ಖಾಲಿ ಬಿಟ್ಟು ಬರೆದ ಕರೆಂಟಿನ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ.

ಹೊರಗಿನ ತೇವಕ್ಕಿಂತ ಒಳಗೆ ಇಳಿದ ತೇವ ದೊಡ್ಡ ಅಪಾಯ. ಜಪಾನಿನ ಬೆಲ್ ಎಂಬ ಕಣಭೌತ ಪ್ರಯೋಗದಲ್ಲಿ ಇದೇ ಗಾಜಿನ ಆರ್‌ಪಿಸಿಗಳನ್ನು ಜೋಡಿಸಿದ್ದರು. ಆರಂಭದಲ್ಲೇ ಕೆಲವು ಚೇಂಬರ್‌ಗಳ ಕರೆಂಟ್ ಏರುತ್ತ ಹೋಗಿ, ಕಣ ಹಿಡಿಯುವ ಶಕ್ತಿ ಇಳಿಯತೊಡಗಿತು. ಅನಿಲ ಹೋಗಲು ಹಾಕಿದ್ದ ಪ್ಲಾಸ್ಟಿಕ್ ಕೊಳವೆಗಳಲ್ಲಿ ಒಂದು ತೂತೂ ಇರಲಿಲ್ಲ. ಆದರೆ ಹೊರಗಿನ ಗಾಳಿಯ ತೇವ ಆ ಪ್ಲಾಸ್ಟಿಕ್ಕಿನ ಗೋಡೆಯನ್ನೇ ಹಾಯ್ದು ಒಳಗೆ ಸೇರುತ್ತಿತ್ತು. ಅನಿಲದಲ್ಲಿ ಫ್ಲೋರಿನ್ ಇರುವ ಸಂಯುಕ್ತವಿದೆ. ವಿದ್ಯುತ್ ವಿಸರ್ಜನೆಯಲ್ಲಿ ಅದು ಒಡೆದಾಗ ನೀರು ಸಿಕ್ಕರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ, ಗಾಜನ್ನು ತಿನ್ನುವ ಆಮ್ಲ ಅದು. ಕೊನೆಗೆ ಪ್ಲಾಸ್ಟಿಕ್ ಕೊಳವೆ ಕಿತ್ತು ತಾಮ್ರದ ಕೊಳವೆ ಹಾಕಿದರು. ಈ ಕತೆಯನ್ನು ಹೊಸದಾಗಿ ಸೇರಿದ ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಮುಂಬಯಿಯ ಹಾರ್ಡ್‌ವೇರ್ ಪೇಟೆಯಾದ ನಾಗದೇವಿ ಸ್ಟ್ರೀಟಿನಲ್ಲಿ ತಾಮ್ರದ ಕೊಳವೆಗೂ ಪ್ಲಾಸ್ಟಿಕ್ ಕೊಳವೆಗೂ ಬೆಲೆಯಲ್ಲಿ ಎಷ್ಟು ಅಂತರವಿದೆ ಎಂದು ನೋಡಿದವರಿಗೆ ಈ ಕತೆ ಗೊತ್ತಿರಲೇಬೇಕು.

ಇನ್ನು ಸೋರಿಕೆ ಪರೀಕ್ಷೆ. ಚೇಂಬರಿಗೆ ಕೆಲವು ಸೆಂಟಿಮೀಟರ್ ನೀರಿನಷ್ಟು ಒತ್ತಡ ತುಂಬಿ, ಬಾಯಿ ಮುಚ್ಚಿ, ಯು ಆಕಾರದ ಕೊಳವೆಯಲ್ಲಿ ನೀರಿನ ಮಟ್ಟ ಇಳಿಯುತ್ತದೆಯೇ ಎಂದು ನೋಡುವುದು. ಮೇಲುನೋಟಕ್ಕೆ ಇಷ್ಟೇ. ಆದರೆ ಮುಂಬಯಿಯಂಥ ಉಷ್ಣವಲಯದ ಊರಿನಲ್ಲಿ ವಾಯುಮಂಡಲದ ಒತ್ತಡವೇ ದಿನಕ್ಕೆ ಎರಡು ಸಲ ಏರಿಳಿಯುತ್ತದೆ, ಬೆಳಿಗ್ಗೆ ಹತ್ತರ ಮತ್ತು ರಾತ್ರಿ ಹತ್ತರ ಸುಮಾರಿಗೆ ಮೇಲೆ, ಸಂಜೆ ನಾಲ್ಕರ ಮತ್ತು ನಸುಕಿನ ನಾಲ್ಕರ ಸುಮಾರಿಗೆ ಕೆಳಗೆ. ಈ ಏರಿಳಿತ ಎರಡು ಮೂರು ಮಿಲಿಬಾರ್, ಅಂದರೆ ಎರಡು ಮೂರು ಸೆಂಟಿಮೀಟರ್ ನೀರು. ನಾವು ತುಂಬಿದ ಒತ್ತಡವೂ ಅಷ್ಟೇ! ಎ.ಸಿ. ಒಂದು ಡಿಗ್ರಿ ಆಚೀಚೆಯಾದರೂ ಒಳಗಿನ ಅನಿಲ ಹಿಗ್ಗಿ ಕುಗ್ಗಿ ಮಟ್ಟ ಬದಲಾಗುತ್ತದೆ. ಬೆಳಿಗ್ಗೆ ಹತ್ತಕ್ಕೆ ಹಚ್ಚಿ ಸಂಜೆ ನಾಲ್ಕಕ್ಕೆ ನೋಡಿದರೆ ಸೋರುವ ಚೇಂಬರೂ ಸೋರದಂತೆ ಕಾಣಬಹುದು, ಏಕೆಂದರೆ ಅಷ್ಟರಲ್ಲಿ ಹೊರಗಿನ ಒತ್ತಡವೇ ಇಳಿದಿರುತ್ತದೆ. ಅದಕ್ಕಾಗಿ ಬಾರೋಮೀಟರ್, ಥರ್ಮಾಮೀಟರ್ ಎರಡನ್ನೂ ಪಕ್ಕದಲ್ಲೇ ಇಟ್ಟು, ಇಡೀ ದಿನದ ಅಂಕಿಗಳನ್ನು ದಾಖಲಿಸಿ, ಅವುಗಳ ಪಾಲನ್ನು ಕಳೆದ ಮೇಲೆ ಉಳಿದ ಇಳಿತವನ್ನು ಮಾತ್ರ ಸೋರಿಕೆ ಎನ್ನಬೇಕು. ಮಟ್ಟ ನಿಧಾನವಾಗಿ ಇಳಿಯದೆ ಒಮ್ಮೆಲೇ ಒಂದು ಮೆಟ್ಟಿಲಿನಷ್ಟು ಇಳಿದು ನಿಂತರೆ ಅದು ಸೋರಿಕೆಯಲ್ಲ, ಒಳಗೆ ಬಟನ್ ಒಂದು ಬಿಟ್ಟುಕೊಂಡಿದೆ. ಗಾಜು ಉಬ್ಬಿ ಜಾಗ ಹೆಚ್ಚಾದದ್ದರಿಂದ ಒತ್ತಡ ಇಳಿದಿರುತ್ತದೆ. ಒಂದೇ ಗ್ರಾಫಿನಲ್ಲಿ ಹವೆ, ಅಂಟು, ಬಟನ್ ಮೂರರ ಗುಣವೂ ಓದಲು ಸಿಗುತ್ತದೆ. ನನ್ನ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಗ್ರಾಫ್ ಅದು.

ಪರೀಕ್ಷೆಗೆ ಕಣಗಳು ಎಲ್ಲಿಂದ ಬರುತ್ತವೆ? ಮುಂಬಯಿಯಲ್ಲಿ ಜಿನೀವಾದ ಕಣಭೌತ ಪ್ರಯೋಗಾಲಯ ಸರ್ನ್‌ನಲ್ಲಿರುವಂಥ, ಕಣಗಳನ್ನು ಡಿಕ್ಕಿ ಹೊಡೆಸುವ ಕೊಲೈಡರ್ ಇಲ್ಲವಲ್ಲ.
— ಎಂಜಿನಿಯರಿಂಗ್ ವಿದ್ಯಾರ್ಥಿ, ಐರೋಳಿ

ಆಕಾಶದಿಂದ, ಪುಕ್ಕಟೆಯಾಗಿ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಗಾಳಿಗೆ ಬಡಿದು, ಎಲೆಕ್ಟ್ರಾನಿನ ಜಾತಿಯವೇ ಆದರೆ ಅದಕ್ಕಿಂತ ಭಾರದ ಮ್ಯೂಯಾನ್‌ಗಳನ್ನು ಹುಟ್ಟಿಸುತ್ತವೆ. ಮ್ಯೂಯಾನಿನ ಸರಾಸರಿ ಆಯುಷ್ಯ ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಎರಡು ಪಾಲಿಗಿಂತ ತುಸು ಹೆಚ್ಚು. ಬೆಳಕಿನ ವೇಗದಲ್ಲಿ ಓಡಿದರೂ ಏಳುನೂರು ಮೀಟರ್ ದಾಟುವುದರೊಳಗೆ ಮುಗಿಯಬೇಕಾದ ಬದುಕು. ಆದರೂ ಅವು ನೆಲ ಮುಟ್ಟುತ್ತವೆ. ಐನ್‌ಸ್ಟೈನ್ ಹೇಳಿದಂತೆ ಅಷ್ಟು ವೇಗದ ಕಣದ ಗಡಿಯಾರ ನಮ್ಮ ದೃಷ್ಟಿಯಲ್ಲಿ ನಿಧಾನವಾಗುವುದರಿಂದ ಇದು ಸಾಧ್ಯ. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಮ್ಯೂಯಾನ್ ಬರುತ್ತದೆ. ನೀವು ಲೋಕಲ್ ಟ್ರೈನಿನಲ್ಲಿ ಕುಳಿತಾಗಲೂ, ಕಾಂಕ್ರೀಟ್ ಮಾಳಿಗೆಯಡಿ ಮಲಗಿದಾಗಲೂ ಅವು ನಿಮ್ಮನ್ನು ಹಾಯ್ದು ಹೋಗುತ್ತಿರುತ್ತವೆ.

ಪರೀಕ್ಷೆ ಹೀಗೆ: ಚೇಂಬರಿನ ಮೇಲೆ ಎರಡು, ಕೆಳಗೆ ಒಂದೆರಡು ಸಿಂಟಿಲೇಟರ್ ಪಟ್ಟಿಗಳನ್ನು ಒಂದೇ ಸಾಲಿಗೆ ಬರುವಂತೆ ಇಡುತ್ತೇವೆ. ಇದು ಕಣ ಹಾಯ್ದಾಗ ಮಿನುಗುವ ಪ್ಲಾಸ್ಟಿಕ್. ಎಲ್ಲ ಪಟ್ಟಿಗಳೂ ಒಟ್ಟಿಗೇ ಮಿನುಗಿದರೆ ಒಂದು ಮ್ಯೂಯಾನ್ ನೇರವಾಗಿ ಹಾಯ್ದು ಹೋಗಿದೆ ಎಂದು ಖಚಿತ. ಆಗ ಚೇಂಬರನ್ನು ಕೇಳುತ್ತೇವೆ, ನಿನಗೆ ಕಂಡಿತೇ? ನೂರಕ್ಕೆ ಎಷ್ಟು ಸಲ ಹೌದು ಎಂದಿತೋ ಅದೇ ಅದರ ದಕ್ಷತೆ. ವೋಲ್ಟೇಜ್ ಸ್ವಲ್ಪ ಸ್ವಲ್ಪ ಏರಿಸುತ್ತ ಹೋದಂತೆ ದಕ್ಷತೆಯೂ ಏರಿ, ತೊಂಬತ್ತೈದರ ಮೇಲೆ ಹೋದ ಬಳಿಕ ಸಮತಟ್ಟಾಗಬೇಕು. ಆ ಸಮತಟ್ಟು ಕಾಣದ ಚೇಂಬರನ್ನು ಮುಂದೆ ಕಳಿಸುವಂತಿಲ್ಲ.

ನಿಮ್ಮಂಥವರಿಗೆ ಒಂದು ಮಾತು. ಪಟ್ಟಿಗಳು ಚಿಕ್ಕವಾದ್ದರಿಂದ ನಿಮಿಷಕ್ಕೆ ಸಿಗುವ ಮ್ಯೂಯಾನ್‌ಗಳು ಬೆರಳೆಣಿಕೆಯಷ್ಟು. ಸಾವಿರಗಟ್ಟಲೆ ಬೇಕಾದರೆ ರಾತ್ರಿಯಿಡೀ ಕಾಯಬೇಕು. ನೂರು ಮ್ಯೂಯಾನ್ ನೋಡಿ ದಕ್ಷತೆ ತೊಂಬತ್ತೇಳು ಎಂದು ಬರೆದರೆ ಅದು ತೊಂಬತ್ತೈದೂ ಇರಬಹುದು, ತೊಂಬತ್ತೊಂಬತ್ತೂ ಇರಬಹುದು. ಗಡಿಬಿಡಿ ಮಾಡುವವರಿಗೆ ಇದು ಹೇಳಿ ಮಾಡಿಸಿದ ಕೆಲಸವಲ್ಲ.

ಅನಿಲ ಎಂದಿರಿ. ಅಪಾಯ ಏನೂ ಇಲ್ಲವೇ? ಪರಿಸರಕ್ಕೆ?
— ಶಾಲಾ ಶಿಕ್ಷಕಿ, ಮಡಗಾಂವ್

ಚೇಂಬರಿನ ಅನಿಲ ಮಿಶ್ರಣದಲ್ಲಿ ನೂರಕ್ಕೆ 95.2 ಪಾಲು ಫ್ರಿಜ್ಜಿನಲ್ಲಿ, ಕಾರಿನ ಎ.ಸಿ.ಯಲ್ಲಿ ಬಳಸುವ ಆರ್-134ಎ, 4.5 ಪಾಲು ಐಸೊಬ್ಯೂಟೇನ್, 0.3 ಪಾಲು ಸಲ್ಫರ್ ಹೆಕ್ಸಾಫ್ಲೋರೈಡ್. ಐಸೊಬ್ಯೂಟೇನ್ ಹೊತ್ತಿಕೊಳ್ಳುವ ಅನಿಲವೇ, ಆದರೆ ಈ ಪ್ರಮಾಣದಲ್ಲಿ ಮಿಶ್ರಣಕ್ಕೆ ಬೆಂಕಿ ಹಿಡಿಯದು. ಸಿಲಿಂಡರ್ ಇಟ್ಟಲ್ಲಿ ಎಚ್ಚರಿಕೆ ಬೇಕೇ ಬೇಕು.

ಪರಿಸರದ ಪ್ರಶ್ನೆ ನಿಜಕ್ಕೂ ಗಂಭೀರ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಆರ್-134ಎ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು, ಸಲ್ಫರ್ ಹೆಕ್ಸಾಫ್ಲೋರೈಡ್ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು ಬಲಶಾಲಿ. ಹೊರಬಂದ ಅನಿಲವನ್ನು ಶುದ್ಧ ಮಾಡಿ ಮತ್ತೆ ಒಳಗೆ ತಿರುಗಿಸುವ ವ್ಯವಸ್ಥೆಗಳಿವೆ. ಆರ್-134ಎ ಬದಲಿಗೆ ಎಚ್‌ಎಫ್‌ಒ ಎಂಬ ಹೊಸ ಬಗೆಯ ಅನಿಲಗಳನ್ನು ಸರ್ನ್‌ನಲ್ಲಿಯೂ ಬೇರೆಡೆಯೂ ಪರೀಕ್ಷಿಸುತ್ತಿದ್ದಾರೆ. ಅವುಗಳಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ, ಹೀಗಾಗಿ ಸುಮ್ಮನೆ ಸಿಲಿಂಡರ್ ಬದಲಿಸಿದರೆ ಆಗುವ ಕೆಲಸವಲ್ಲ. ಸೋರಿಕೆ ಪರೀಕ್ಷೆಯ ಬಗ್ಗೆ ಮೇಲೆ ಅಷ್ಟುದ್ದ ಬರೆಯಲು ಇದೂ ಒಂದು ಕಾರಣ.

ನಮ್ಮ ತಂದೆ ಕೋಲಾರದ ಚಿನ್ನದ ಗಣಿಯಲ್ಲಿದ್ದರು. ಮುಂಬಯಿಯಿಂದ ವಿಜ್ಞಾನಿಗಳು ಬಂದು ಗಣಿಯ ತಳದಲ್ಲಿ ಕಬ್ಬಿಣದ ಕೊಳವೆಗಳನ್ನು ಜೋಡಿಸಿಟ್ಟಿದ್ದರು ಎನ್ನುತ್ತಿದ್ದರು. ಮನೆಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಿಜವೇ?
— ಬ್ಯಾಂಕ್ ಉದ್ಯೋಗಿ, ಚೆಂಬೂರು

ಅಕ್ಷರಶಃ ನಿಜ. ದಯವಿಟ್ಟು ಮನೆಯವರಿಗೆಲ್ಲ ಇದನ್ನು ಓದಿ ಹೇಳಿ.

ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು 1950ರ ದಶಕದ ಆರಂಭದಲ್ಲೇ ಕೆ.ಜಿ.ಎಫ್. ಗಣಿಗೆ ಇಳಿದಿದ್ದರು. ಹೋಮಿ ಭಾಭಾ ಅವರು ಕಳಿಸಿದವರಲ್ಲಿ ಮೊದಲಿಗರು ನಮ್ಮ ಮೈಸೂರು ಸೀಮೆಯವರೇ ಆದ ಬಿ.ವಿ. ಶ್ರೀಕಂಠನ್, ಮುಂದೆ ಅದೇ ಸಂಸ್ಥೆಯ ನಿರ್ದೇಶಕರಾದವರು. ಆಳಕ್ಕೆ ಹೋದಂತೆ ಮ್ಯೂಯಾನ್‌ಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಅಳೆಯುತ್ತ ಹೋದರು. ಕೊನೆಗೆ ಎರಡೂವರೆ ಕಿಲೋಮೀಟರಿಗೂ ಆಳದಲ್ಲಿ ವಾರಗಟ್ಟಲೆ ಕಾದರೂ ಒಂದೂ ಮ್ಯೂಯಾನ್ ಬರಲಿಲ್ಲ. ಅಷ್ಟು ನಿಶ್ಶಬ್ದವಾದ ಜಾಗ ಸಿಕ್ಕಿದ ಮೇಲೆ, ಬಂಡೆಯನ್ನೂ ತೂರಿ ಬರುವ ನ್ಯೂಟ್ರಿನೊಗಳನ್ನು ಹುಡುಕಬಹುದಲ್ಲ ಎಂಬ ಯೋಚನೆ ಗಟ್ಟಿಯಾಯಿತು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಹಂ ವಿಶ್ವವಿದ್ಯಾಲಯದವರ ಜೊತೆಗೂಡಿ 2.3 ಕಿಲೋಮೀಟರ್ ಆಳದಲ್ಲಿ ಡಿಟೆಕ್ಟರ್ ಇಟ್ಟರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೊ ಸಿಕ್ಕಿದ ಮೊದಲ ಜಾಗಗಳಲ್ಲಿ ಅದೂ ಒಂದು. ಅದೇ ಹೊತ್ತಿಗೆ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಸಿಕ್ಕಿತು.

ನಿಮ್ಮ ತಂದೆ ನೋಡಿದ ಕೊಳವೆಗಳು ಬಹುಶಃ 1980ರ ನಂತರದವು. ಪ್ರೋಟಾನ್ ತಾನಾಗಿ ಕ್ಷಯಿಸುತ್ತದೆಯೇ ಎಂದು ನೋಡಲು 140 ಟನ್ನಿನ ಡಿಟೆಕ್ಟರನ್ನು ಗಣಿಯೊಳಗೇ ಕಟ್ಟಿದರು. ಹತ್ತು ಸೆಂಟಿಮೀಟರ್ ಚೌಕದ ಕಬ್ಬಿಣದ ಕೊಳವೆಗಳು, ಪ್ರತಿಯೊಂದರ ನಡುವೆ ಒಂದು ತೆಳು ತಂತಿ, ಒಳಗೆ ಅನಿಲ, ಪದರ ಪದರವಾಗಿ ಕಬ್ಬಿಣದ ಹಲಗೆಗಳು. ಅಷ್ಟನ್ನೂ ಇಳಿಸಿದ್ದು ಗಣಿಯ ಕೇಜಿನಲ್ಲಿ, ಅಂದರೆ ಲಿಫ್ಟಿನಲ್ಲಿ, ಗಣಿಯ ಜನರ ಕೈಯಿಂದ. ಕೆಳಗಿನ ಸೆಕೆಯಲ್ಲಿ, ಧೂಳಿನಲ್ಲಿ ಆ ಕೊಳವೆಗಳನ್ನು ಕಾಯ್ದವರು ಅವರು. ವಿಜ್ಞಾನದ ಲೇಖನಗಳಲ್ಲಿ ಗಣಿ ಅಧಿಕಾರಿಗಳಿಗೆ ಕೃತಜ್ಞತೆ ಇರುತ್ತದೆ, ಕೇಜು ನಡೆಸಿದವರ ಹೆಸರು ಇರುವುದಿಲ್ಲ. ಅದು ನನಗೆ ಇಂದಿಗೂ ನೋವಿನ ವಿಷಯ. 2001ರಲ್ಲಿ ಗಣಿಯೇ ಮುಚ್ಚಿತು. ಅಂಥದೇ ಕೊಳವೆಗಳು, ಆರು ಮೀಟರ್ ಉದ್ದದ 3,712, ಈಗಲೂ ಊಟಿಯ ಗ್ರೇಪ್ಸ್-3 ಎಂಬ ವಿಶ್ವಕಿರಣ ಪ್ರಯೋಗದಲ್ಲಿ ಮ್ಯೂಯಾನ್ ಎಣಿಸುತ್ತಿವೆ. 2014ರ ಡಿಸೆಂಬರ್ 1ರಂದು ಗುಡುಗುಮೋಡವೊಂದು ತಲೆಯ ಮೇಲೆ ಹಾಯ್ದಾಗ ಮ್ಯೂಯಾನ್‌ಗಳ ಸಂಖ್ಯೆ ಇಳಿದದ್ದನ್ನು ಹಿಡಿದು, ಆ ಮೋಡದೊಳಗೆ ಸುಮಾರು 130 ಕೋಟಿ ವೋಲ್ಟ್ ಇತ್ತೆಂದು ಲೆಕ್ಕ ಹಾಕಿದ್ದು ಅವುಗಳಿಂದಲೇ.

ತಂದೆಯವರ ಕಾಲದ ಫೋಟೊ, ಪಾಸು, ಏನಾದರೂ ಉಳಿದಿದ್ದರೆ ಜೋಪಾನವಾಗಿಡಿ.

ಸರ್ನ್‌ನ ದೊಡ್ಡ ಪ್ರಯೋಗದಲ್ಲಿ ನಮ್ಮ ಕಡೆ ತಯಾರಾದದ್ದು ಏನಾದರೂ ಇದೆಯೇ?
— ಓದುಗರು, ಘಾಟ್‌ಕೋಪರ್

ಇದೆ. ಸರ್ನ್‌ನ ಸಿಎಂಎಸ್ ಎಂಬ ಡಿಟೆಕ್ಟರಿನ ದೈತ್ಯ ಅಯಸ್ಕಾಂತದ ಸುರುಳಿಯ ಹೊರಗೆ ಕೂರುವ, ಕಣಗಳ ಶಕ್ತಿ ಅಳೆಯುವ ಹೊರ ಕ್ಯಾಲೊರಿಮೀಟರ್ ಕೊಲಾಬಾದ ಟಾಟಾ ಸಂಸ್ಥೆಯವರ ಮುಂದಾಳ್ತನದಲ್ಲಿ ಆದದ್ದು. ಅದೇ ಸಿಎಂಎಸ್‌ನ ಪ್ರಿಶವರ್ ಎಂಬ ಭಾಗಕ್ಕೆ ಸುಮಾರು ಒಂದು ಸಾವಿರ ಸಿಲಿಕಾನ್ ಡಿಟೆಕ್ಟರ್‌ಗಳನ್ನು ಟ್ರಾಂಬೆಯ ಭಾಭಾ ಅಣುಶಕ್ತಿ ಸಂಶೋಧನಾ ಕೇಂದ್ರ ರೂಪಿಸಿತು, ತಯಾರಾದದ್ದು ಬೆಂಗಳೂರಿನ ಬಿ.ಇ.ಎಲ್.ನಲ್ಲಿ. ಅಂಗೈಗಿಂತ ಚಿಕ್ಕವು, ಒಂದೊಂದೂ 63 ಮಿಲಿಮೀಟರ್ ಚೌಕ. ಈಗ ಅದೇ ಪ್ರಯೋಗದ ಹೊಸ ಕ್ಯಾಲೊರಿಮೀಟರಿಗೆ ಷಟ್ಕೋನದ ಸಿಲಿಕಾನ್ ಮಾಡ್ಯೂಲ್‌ಗಳನ್ನು ಜೋಡಿಸುವ ಜಗತ್ತಿನ ಕೆಲವೇ ಕೇಂದ್ರಗಳಲ್ಲಿ ಮುಂಬಯಿಯೂ ಒಂದು.

ಮನೆಯಲ್ಲೇ ಕಣಗಳನ್ನು ನೋಡುವ ಉಪಾಯ ಇದೆಯೇ? ಎಂಟನೇ ತರಗತಿಯ ಮೊಮ್ಮಗಳು ಪೀಡಿಸುತ್ತಿದ್ದಾಳೆ.
— ಅಜ್ಜ, ಮುಲುಂಡ್

ಇದೆ, ಕ್ಲೌಡ್ ಚೇಂಬರ್ ಮಾಡಿ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯ ಒಳತಳಕ್ಕೆ ದಪ್ಪ ಬಟ್ಟೆಯ ಪಟ್ಟಿ ಅಂಟಿಸಿ, ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಚೆನ್ನಾಗಿ ತೋಯಿಸಿ. ಕಪ್ಪು ಬಣ್ಣ ಬಳಿದ ಲೋಹದ ತಟ್ಟೆಯ ಮೇಲೆ ಡಬ್ಬಿಯನ್ನು ಬೋರಲು ಹಾಕಿ ಅಂಚನ್ನು ಟೇಪಿನಿಂದ ಮುಚ್ಚಿ. ತಟ್ಟೆಯ ಕೆಳಗೆ ಡ್ರೈ ಐಸ್ ಇಡಿ, ಮಾಮೂಲಿ ಮಂಜುಗಡ್ಡೆ ಸಾಲದು. ಹತ್ತು ಹದಿನೈದು ನಿಮಿಷ ಬಿಟ್ಟು, ಕೋಣೆ ಕತ್ತಲು ಮಾಡಿ ಟಾರ್ಚನ್ನು ಪಕ್ಕದಿಂದ ಹಿಡಿದರೆ ತಟ್ಟೆಯ ಮೇಲೆ ಸಣ್ಣ ಬಿಳಿ ಗೆರೆಗಳು ಮೂಡಿ ಮಾಯವಾಗುತ್ತವೆ. ಗಿಡ್ಡ ದಪ್ಪ ಗೆರೆ ಆಲ್ಫಾ ಕಣದ್ದು, ಉದ್ದನೆಯ ತೆಳು ನೇರ ಗೆರೆ ಹೆಚ್ಚಾಗಿ ಮ್ಯೂಯಾನಿನದು, ಅಂಕುಡೊಂಕಿನದು ಎಲೆಕ್ಟ್ರಾನಿನದು. ಗೆರೆ ಕಾಣದಿದ್ದರೆ ಹೆಚ್ಚಿನ ಸಲ ಟೇಪಿನ ಸಂದಿನಿಂದ ಗಾಳಿ ನುಗ್ಗುತ್ತಿರುತ್ತದೆ, ಅದನ್ನೇ ಮೊದಲು ನೋಡಿ.

ಡ್ರೈ ಐಸನ್ನು ಮಗು ಬರಿಗೈಯಲ್ಲಿ ಮುಟ್ಟದಿರಲಿ, ನೀವೇ ದಪ್ಪ ಕೈಗವಸು ಹಾಕಿ ಇಡಿ. ಕಿಟಕಿ ತೆರೆದಿಡಿ, ಪರದೆ ಎಳೆದರೆ ಕತ್ತಲಿಗೆ ಸಾಕು. ಹತ್ತಿರ ದೀಪ, ಗ್ಯಾಸ್ ಒಲೆ ಉರಿಯುತ್ತಿರಬಾರದು. ಗೆರೆಗಳನ್ನು ಎಣಿಸಿ, ಗಂಟೆ ಸಮೇತ ಬರೆದು ಕಳಿಸಲು ಮೊಮ್ಮಗಳಿಗೆ ಹೇಳಿ. ಮುಂದಿನ ಅಂಕಣದಲ್ಲಿ ಅವಳ ಪಟ್ಟಿಯನ್ನು ಪ್ರಕಟಿಸುತ್ತೇನೆ.